ಈ ವಾರ ಏನು ನೋಡಿದಿ?

1993ರಲ್ಲಿ ನಾನು ಒಂಬತ್ತನೇ ಕ್ಲಾಸು. ಬೆಳಗಾವಿಯ ಒಂದು ಕಾನ್ವೆಂಟ್ ಶಾಲೆ. ಪ್ರತಿ ಶುಕ್ರವಾರ ಶಾಲೆ ಬಿಟ್ಟ ಮೇಲೆ ಎಂಟು ಜನ ಹುಡುಗಿಯರು ಹಿಂದಿನ ವರಾಂಡದಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಮೊದಲು ಒಂದು ಹಾಡು, ಬೈಬಲಿನ ನಾಲ್ಕು ಸಾಲು. ಆಮೇಲೆ ಆ ವಾರದ ಲೀಡರ್ ಒಬ್ಬೊಬ್ಬರನ್ನೇ ಕೇಳುತ್ತಿದ್ದಳು: "ಈ ವಾರ ಏನು ನೋಡಿದಿ?"

ಎಷ್ಟು ಓದಿದಿ, ಎಷ್ಟು ಸಲ ಪ್ರಾರ್ಥನೆ ಮಾಡಿದಿ ಅಂತ ಅಲ್ಲ. ಏನು ನೋಡಿದಿ, ಅಷ್ಟೇ. ಮೊದಲ ಎರಡು ವಾರ ನಾನು "ಏನೂ ಇಲ್ಲ" ಅಂದೆ. ಮೂರನೇ ವಾರ ಹಾಗೆ ಹೇಳಲು ನಾಚಿಕೆಯಾಯಿತು. ದಿನಾ ನಡೆಯುವ ದಾರಿಯಲ್ಲಿ ಅವತ್ತು ಮೊದಲ ಸಲ ಕಣ್ಣು ಬಿಟ್ಟು ನಡೆದೆ.

ನಮ್ಮದು ವೈಸಿಎಸ್ ಗುಂಪು. ಯಂಗ್ ಕ್ರಿಶ್ಚಿಯನ್ ಸ್ಟೂಡೆಂಟ್ಸ್. ಬೇರೆ ಧರ್ಮದ ಮಕ್ಕಳೂ ಬರಲಿ ಅಂತ ನಮ್ಮ ದೇಶದಲ್ಲಿ ಅದರ ಜೊತೆ ವೈಎಸ್‌ಎಂ ಅನ್ನುವ ಹೆಸರೂ ಸೇರಿದೆ, ಯಂಗ್ ಸ್ಟೂಡೆಂಟ್ಸ್ ಮೂವ್‌ಮೆಂಟ್. ನಮ್ಮ ಎಂಟು ಜನರಲ್ಲಿ ಐವರು ಕ್ರೈಸ್ತರು, ಒಬ್ಬಳು ಲಿಂಗಾಯತರವಳು, ಒಬ್ಬಳು ಮುಸ್ಲಿಂ, ಒಬ್ಬಳು ಮರಾಠಾ. ಮಾತು ಜೋರಾದರೆ ಕನ್ನಡ, ಕೊಂಕಣಿ, ಮರಾಠಿ, ಉರ್ದು ನಾಲ್ಕೂ ಒಟ್ಟಿಗೆ ಕೇಳಿಸುತ್ತಿದ್ದವು. ಭಾಷೆಯ ಹೆಸರಿನಲ್ಲಿ ಎಷ್ಟೋ ಗಲಾಟೆ ಕಂಡ ಊರು ನಮ್ಮದು. ಒಂದೇ ಚಾಪೆಯ ಮೇಲೆ ಎಲ್ಲರ ಜೊತೆ ಕೂರುವುದನ್ನು ನಾನು ಕಲಿತದ್ದು ಒಂದು ಕ್ಯಾಥೊಲಿಕ್ ಸಂಘಟನೆಯಲ್ಲಿ. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ನಮ್ಮ ಜೊತೆಗಿದ್ದ ಸಿಸ್ಟರ್ ಬೆಲ್ಜಿಯಂನ ಒಬ್ಬ ಫಾದರ್ ಕಥೆ ಹೇಳುತ್ತಿದ್ದರು. ಜೋಸೆಫ್ ಕಾರ್ಡೈನ್, 1882ರಲ್ಲಿ ಹುಟ್ಟಿದವರು. ದುಡಿಯುವವರ ಮನೆ. ಪಾದ್ರಿಯಾಗಲು ಗುರುಮಠಕ್ಕೆ ಓದಲು ಹೋದರು. ರಜೆಗೆ ಊರಿಗೆ ಬಂದರೆ, ಜೊತೆಗೆ ಆಡಿದ ಗೆಳೆಯರೆಲ್ಲ ಮಿಲ್ಲು, ಗಣಿ ಸೇರಿದ್ದರು. ಯಾರೂ ಇವರನ್ನು ಹತ್ತಿರ ಸೇರಿಸಲಿಲ್ಲ. ನೀನು ಆ ಕಡೆಯವನಾದಿ ಅನ್ನುವ ಹಾಗೆ ನೋಡಿದರು. ಆ ನೋವು ಅವರನ್ನು ಬಿಡಲಿಲ್ಲ. 1903ರಲ್ಲಿ ತಂದೆ ತೀರಿಕೊಂಡಾಗ, ದುಡಿಯುವ ಮಕ್ಕಳಿಗಾಗಿಯೇ ಬದುಕುತ್ತೇನೆ ಅಂತ ಅಪ್ಪನ ಹಾಸಿಗೆಯ ಪಕ್ಕದಲ್ಲಿ ಆಣೆ ಮಾಡಿದರು. 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಸಂಘಟನೆ ಶುರುವಾಯಿತು. ನಮ್ಮ ವೈಸಿಎಸ್ ಅದೇ ಬೇರಿನಿಂದ ಬಂದದ್ದು. ಕಾರ್ಡೈನ್ ಹುಡುಗರ ಕೈಗೆ ಮೂರು ಮಾತು ಕೊಟ್ಟರು: ನೋಡು, ತೂಗಿ ನೋಡು, ಮಾಡು. 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ಪತ್ರದಲ್ಲಿ ಈ ಮೂರನ್ನೇ ಇಡೀ ಕ್ಯಾಥೊಲಿಕ್ ಧರ್ಮಸಭೆಗೆ ಹೇಳಿದರು.

ನಾವು ಮೊದಲು ಕೈ ಹಾಕಿದ್ದು ಶಾಲೆಯ ಪಾಯಖಾನೆಗೆ. ಬಾಗಿಲಿಗೆ ಚಿಲಕ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕು. ಅಂಗಡಿಗೆ ಹೋಗಿ ಚಿಲಕದ ದರ ಕೇಳಿ ಬರೆದುಕೊಂಡು ದೊಡ್ಡ ಟೀಚರ್ ಹತ್ತಿರ ಹೋದೆವು. ಮೂರು ಸಲ ಹೋದ ಮೇಲೆ ಚಿಲಕ ಬಂತು. ಇವತ್ತಿಗೂ ಯಾವ ಆಫೀಸಿಗೆ ಹೋದರೂ ನನ್ನ ಕೈಯಲ್ಲಿ ಲೆಕ್ಕದ ಒಂದು ಚೀಟಿ ಇರುತ್ತದೆ.

ಆದರೆ ನನ್ನನ್ನು ಬದಲಿಸಿದ್ದು ನಾವು ಕೆಡಿಸಿದ ಒಂದು ಕೆಲಸ.

ನಮ್ಮ ಊರಿನದೇ ವಡಗಾವಿ ಭಾಗದಿಂದ ಬರುವ ಒಬ್ಬ ಕ್ಲಾಸ್‌ಮೇಟ್ ಇದ್ದಳು. ಮನೆಯಲ್ಲಿ ಸೀರೆ ನೇಯುವ ಮಗ್ಗ. ವಡಗಾವಿ, ಶಹಾಪುರ, ಖಾಸಬಾಗ ಕಡೆ ಓಡಾಡಿದವರಿಗೆ ಗೊತ್ತು, ಓಣಿಗೆ ಕಾಲಿಟ್ಟರೆ ಪವರ್‌ಲೂಮಿನ ಸದ್ದು ನೆಲದಿಂದ ಅಂಗಾಲಿಗೆ ಬರುತ್ತದೆ. ಅವಳು ಬೆಳಿಗ್ಗೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಟ್ಟು ಶಾಲೆಗೆ ಬರುವವಳು. ಆಗ ಕೆಲವು ತಿಂಗಳು ಅವರ ಮಗ್ಗ ನಿಂತಿತ್ತು. ಫೀ ಕಟ್ಟಿರಲಿಲ್ಲ. ಮಧ್ಯಾಹ್ನ ಡಬ್ಬಿ ತರುತ್ತಿರಲಿಲ್ಲ. ಮೀಟಿಂಗಿನಲ್ಲಿ ಇದನ್ನು ಹೇಳಿದವಳು ನಾನೇ. ಎಲ್ಲರಿಗೂ ಅಳು ಬಂತು. ಸೋಮವಾರ ಕ್ಲಾಸು ಕ್ಲಾಸಿಗೆ ಡಬ್ಬ ಹಿಡಿದು ಹೋಗಿ 340 ರೂಪಾಯಿ ಕೂಡಿಸಿದೆವು. ಮರುದಿನ ಬೆಳಿಗ್ಗೆ ಪ್ರೇಯರ್ ಮುಗಿದ ಮೇಲೆ, ಇಡೀ ಶಾಲೆಯ ಎದುರಿಗೆ, ಅವಳನ್ನು ಕರೆದು ಕವರ್ ಕೊಟ್ಟೆವು. ಚಪ್ಪಾಳೆ ಹೊಡೆದರು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಸಿಸ್ಟರ್ ನಮ್ಮನ್ನು ಬೈಯಲಿಲ್ಲ. "ನೀವೇ ಹೋಗಿ ಬರ್ರಿ" ಅಂದರು. ಹೋದೆವು. ಅವಳ ಅವ್ವ ಚಹಾ ಕೊಟ್ಟು, ಕವರನ್ನು ಹಾಗೇ ತಂದು ನಮ್ಮ ಮುಂದಿಟ್ಟರು. ಅವಳು ಮಗ್ಗದ ಹಿಂದೆ ನಿಂತಿದ್ದಳು. ಒಂದೇ ಮಾತು ಹೇಳಿದಳು: "ಮೊದಲ ನನ್ನ ಒಂದ ಮಾತ ಕೇಳಬೇಕಿತ್ತಿಲ್ಲ?"

ಆ ಶುಕ್ರವಾರ ಮೀಟಿಂಗು ಎರಡು ತಾಸು ನಡೆಯಿತು. ಸಿಸ್ಟರ್ ಬೈಬಲಿನ ಮಾರ್ಕನ ಶುಭಸಂದೇಶದಿಂದ ಬಾರ್ತಿಮಾಯನ ಕಥೆ ಓದಿಸಿದರು. ಕುರುಡ ಭಿಕ್ಷುಕ ದಾರಿ ಪಕ್ಕದಲ್ಲಿ ಕೂಗುತ್ತಾನೆ. ಯೇಸು ನಿಂತು ಅವನನ್ನು ಕರೆಸುತ್ತಾರೆ. ಕರೆಸಿ ಏನು ಕೇಳುತ್ತಾರೆ? ನಿನಗೆ ನನ್ನಿಂದ ಏನಾಗಬೇಕು ಅಂತ. ಕುರುಡನಿಗೆ ಏನು ಬೇಕು ಅಂತ ಯಾರಿಗೂ ಗೊತ್ತಾಗುತ್ತದೆ, ಅಲ್ವಾ? ಆದರೂ ಅವರು ಅವನ ಬಾಯಿಂದಲೇ ಕೇಳಿದರು. ನಾವು ಕೇಳಿರಲಿಲ್ಲ. ಡಬ್ಬಿ ಇಲ್ಲದ್ದನ್ನು ನೋಡಿದ್ದೆವು, ಅವಳನ್ನು ನೋಡಿರಲಿಲ್ಲ.

ಅವಳಿಗೆ ಬೇಕಿದ್ದದ್ದು ಫೀ ಕಟ್ಟಲು ಎರಡು ತಿಂಗಳ ಟೈಮು. ಅಷ್ಟನ್ನು ಶಾಲೆಯಲ್ಲಿ ಮಾತಾಡಿ ಕೊಡಿಸಿದೆವು. ಅವಳು ವಾಪಸ್ ಬಂದಳು. ನನ್ನ ಜೊತೆ ಮೊದಲಿನ ಹಾಗೆ ಮಾತಾಡಲು ಮಾತ್ರ ಒಂದು ವರ್ಷ ಹಿಡಿಯಿತು.

ಈಗ ನಾನು ಒಂದು ಸೊಸೈಟಿಯ ಸಾಲದ ವಿಭಾಗದಲ್ಲಿದ್ದೇನೆ. ಎದುರಿಗೆ ಕೂತವರ ಕಾಗದ ನೋಡುವ ಮೊದಲು, "ನಿಮಗ ಏನ ಬೇಕಾಗೇತ್ರೀ?" ಅಂತ ಕೇಳಿ ಸುಮ್ನಿರುತ್ತೇನೆ. ಎಷ್ಟೋ ಸಲ ಅವರು ಅರ್ಜಿಯಲ್ಲಿ ಬರೆದದ್ದೇ ಬೇರೆ, ಬೇಕಾದದ್ದೇ ಬೇರೆ ಇರುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು, ಗೋಕಾಕ ಹತ್ತಿರದ ಲೋಳಸೂರ ಸೇತುವೆ ನೀರಲ್ಲಿ ಮುಳುಗಿತು. ಆಗ ನಾವು ಒಂದಷ್ಟು ಜನ ಗಾಡಿ ತುಂಬ ಹಳೇ ಬಟ್ಟೆ ಕಟ್ಟಿಟ್ಟಿದ್ದೆವು. ತಡೀರಿ, ಇಬ್ಬರು ಮೊದಲು ಹೋಗಿ ಕೇಳಿ ಬರೋಣ ಅಂದೆ. ಕೆಲವರಿಗೆ ಸಿಟ್ಟು ಬಂತು, ಜನ ಒದ್ದೆಯಲ್ಲಿ ಕೂತಿದ್ದಾರೆ, ಇವಳದೇನು ಅಂತ. ಹೋದೆವು. ಪರಿಹಾರ ಕೇಂದ್ರದಲ್ಲಿ ಹಳೇ ಬಟ್ಟೆ ಆಗಲೇ ರಾಶಿ ಬಿದ್ದು ತೊಯ್ದಿತ್ತು. ಹೆಂಗಸರು ನನ್ನನ್ನು ಪಕ್ಕಕ್ಕೆ ಕರೆದು ಒಳಉಡುಪು, ಪ್ಯಾಡ್ ಕೇಳಿದರು. ಗಂಡಸರು ದನಕ್ಕೆ ಮೇವು ಕೇಳಿದರು. ಒಬ್ಬ ಅಜ್ಜಿಗೆ ಬೇಕಿದ್ದದ್ದು ಚಾಳೀಸು. ನೀರಿನಲ್ಲಿ ಹೋಗಿತ್ತು ಪಾಪ, ಯಾರ ಮುಖವೂ ಕಾಣುತ್ತಿರಲಿಲ್ಲ ಅವರಿಗೆ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ನಮ್ಮ ಯುವಜನ ಸಂಘಗಳಲ್ಲಿ ಈಗ ಕಾರ್ಯಕ್ರಮ ಜಾಸ್ತಿಯಾಗಿ, ಏನು ನೋಡಿದಿ ಅನ್ನುವ ಆ ಪ್ರಶ್ನೆ ಕಡಿಮೆಯಾಗಿದೆ. ಟೀ ಶರ್ಟ್, ಬ್ಯಾನರ್, ಹಾಡಿನ ಸ್ಪರ್ಧೆ ಇರಲಿ, ನನಗೂ ಕ್ಯಾರಲ್ಸ್ ಅಂದರೆ ಜೀವ. ಆದರೆ ಏನು ಮಾಡಬೇಕು ಅಂತ ದೊಡ್ಡವರೇ ತೀರ್ಮಾನ ಮಾಡಿ, ಮಕ್ಕಳು ಬಂದು ಕುರ್ಚಿ ಜೋಡಿಸಿ ಹೋಗುವುದಾದರೆ ಅದು ಯುವಜನ ಸಂಘ ಅಲ್ಲ. ಕಾರ್ಡೈನ್ ಹಟ ಹಿಡಿದದ್ದೇ ಈ ವಿಷಯಕ್ಕೆ. ದುಡಿಯುವ ಹುಡುಗರ ಸಂಘಟನೆಯನ್ನು ದುಡಿಯುವ ಹುಡುಗರೇ ನಡೆಸಬೇಕು ಅನ್ನುತ್ತಿದ್ದರು. ಹದಿನೈದು ವರ್ಷದವರಿಗೆ ತೀರ್ಮಾನ ಮಾಡಲು ಬಿಡಿ. ತಪ್ಪಲೂ ಬಿಡಿ.

ತಪ್ಪಲು ಬಿಡಿ ಅಂತ ಬರೆಯುವಾಗ ನನಗೆ ಸಂಕಟವೂ ಆಗುತ್ತದೆ. ಎಷ್ಟೋ ವರ್ಷದ ಮೇಲೆ ಸಿಸ್ಟರ್‌ಗೆ ಕೇಳಿದೆ, ಆ ಕವರ್ ಕೊಡುವುದು ಸರಿಯಲ್ಲ ಅಂತ ನಿಮಗೆ ಮೊದಲೇ ಅನ್ನಿಸಿತ್ತಾ ಅಂತ. "ಅನ್ನಿಸಿತ್ತು. ನಿಮಗಾಗಿ ಸುಮ್ಮನಿದ್ದೆ. ಆ ಹುಡುಗಿಗಾಗಿ ತಡೆಯಬೇಕಿತ್ತು" ಅಂದರು. ನಾವು ಕಲಿತದ್ದು ಅವಳ ನೋವಿನಿಂದ. ಇದನ್ನು ಹೇಗೆ ತೂಗಬೇಕೋ ನನಗೆ ಇನ್ನೂ ತಿಳಿದಿಲ್ಲ.

ನಮ್ಮ ಗುಂಪಿಗೆ 200 ಪುಟದ ಒಂದು ನೋಟ್‌ಬುಕ್ ಇತ್ತು, ಖಾಕಿ ಕವರಿನದು. ಪ್ರತಿ ಪುಟಕ್ಕೂ ಗೆರೆ ಎಳೆದು ಮೂರು ಕಾಲಂ ಮಾಡಿದ್ದೆವು. 1995ರಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅದು ಯಾರ ಮನೆಗೆ ಹೋಯಿತೋ ಗೊತ್ತಿಲ್ಲ. ನನ್ನ ಮಗಳು ಈಗ ಒಂಬತ್ತನೇ ಕ್ಲಾಸು, ಅವಳ ಗುಂಪು ಈ ತಿಂಗಳು ಶುರುವಾಗುತ್ತಿದೆ. ನಾವು ಆ ದುಡ್ಡಿನ ಕವರ್ ಕೊಟ್ಟ ವಾರದ ಪುಟವನ್ನು ಅವಳಿಗೆ ತೋರಿಸಬೇಕು. ಅವತ್ತು ಚಾಪೆಯ ಮೇಲೆ ಕೂತವರು ಯಾರಾದರೂ ಇದನ್ನು ಓದುತ್ತಿದ್ದರೆ, ಒಮ್ಮೆ ಅಟ್ಟದ ಮೇಲೆ ಹುಡುಕಿ. ಸಿಕ್ಕರೆ ಒಂದು ಮೆಸೇಜ್ ಹಾಕಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.