ತಾಯಿ ನೋಡಿಕೊಂಡರೆ ಖರ್ಚಿಲ್ಲವಂತೆ

ನಿನ್ನೆ ಅತ್ತಿಗೆ ಜೊತೆ ಕೋರ್ಟಿಗೆ ಹೋಗಿದ್ದೆ. ನಮ್ಮ ಪುಟ್ಟನ ಆಕ್ಸಿಡೆಂಟ್ ಕೇಸಿನಲ್ಲಿ ಅತ್ತಿಗೆಯ ಪಾಟಿ ಸವಾಲು. ಇನ್ಶೂರೆನ್ಸ್ ಕಡೆ ವಕೀಲರು ಕೇಳಿದರು: "ಹುಡುಗನನ್ನ ನೋಡ್ಕೊಳ್ಳೋಕೆ ಯಾರನ್ನಾದ್ರೂ ಇಟ್ಟಿದ್ದೀರೇನಮ್ಮ?"

"ಇಲ್ಲ ಸಾರ್, ನಾನೇ ನೋಡ್ಕೋತೀನಿ."

"ಹಾಗಾದ್ರೆ ಅದಕ್ಕೆ ಖರ್ಚೇನೂ ಆಗಿಲ್ಲ."

ಖರ್ಚೇನೂ ಆಗಿಲ್ಲ! ಅತ್ತಿಗೆ ಗಾರ್ಮೆಂಟ್ಸ್ ಕೆಲಸ ಬಿಟ್ಟು ಮೂರು ವರ್ಷವಾಯ್ತು. ಬೆನ್ನಿಗೆ ಹುಣ್ಣಾಗಬಾರದು ಅಂತ ಎರಡೆರಡು ಗಂಟೆಗೆ ಮಗನನ್ನು ಮಗ್ಗುಲು ಹೊರಳಿಸುತ್ತಾರೆ, ನಡುರಾತ್ರಿಯಲ್ಲೂ. ಅವರ ಸೊಂಟ ಹೋಗಿದೆ. ಇದಕ್ಕೆ ಯಾವ ಅಂಗಡಿಯವರು ಬಿಲ್ಲು ಕೊಡುತ್ತಾರೆ?

ಅರ್ಜಿ ಇರೋದು ಪುಟ್ಟನ ಹೆಸರಲ್ಲಿ, ತಾಯಿ ಬರೀ ಗಾರ್ಡಿಯನ್. ಹಾಗಾಗಿ ತಾಯಿ ಕಳಕೊಂಡದ್ದಕ್ಕೆ ಅಂತ ಬೇರೆಯಾಗಿ ಹೆಚ್ಚೇನೂ ನಿರೀಕ್ಷೆ ಇಲ್ಲ. 2013ರಲ್ಲಿ ಸುಪ್ರೀಂ ಕೋರ್ಟು ಒಬ್ಬ ಹುಡುಗನ ಕೇಸಿನಲ್ಲಿ ಅಪ್ಪ ಅಮ್ಮನ ಪಾಡಿಗೆ, ಗಳಿಕೆ ನಷ್ಟಕ್ಕೆ ಅಂತ 25,000 ರೂಪಾಯಿ ಕೊಟ್ಟಿತ್ತು. ಅದೂ ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಮಾತ್ರ. ಮನೆಗೆ ಬಂದ ಮೇಲಿನ ವರ್ಷಗಳು? ಅವು ಪುಟ್ಟನ ಪರಿಹಾರದಲ್ಲಿ ಆರೈಕೆ ವೆಚ್ಚ ಅಂತಲೇ ಬರಬೇಕು. ಅದನ್ನೇ ‘ತಾಯಿ ಇದ್ದಾಳಲ್ಲ’ ಅಂತ ಹೊಡೆದುಹಾಕಿದರೆ ಇನ್ನೇನು ಉಳಿಯಿತು?

2020ರಲ್ಲಿ ಅದೇ ಸುಪ್ರೀಂ ಕೋರ್ಟು, ಹನ್ನೆರಡನೇ ವಯಸ್ಸಿಗೆ ಪೂರ್ತಿ ಹಾಸಿಗೆ ಹಿಡಿದ ಹರಿಯಾಣದ ಹುಡುಗಿಗೆ 62,27,000 ರೂಪಾಯಿ ಕೊಡಿಸಿತು. ಅದರಲ್ಲಿ ಆರೈಕೆಗೇ 21,60,000. ಇಬ್ಬರು ಸಹಾಯಕರು, ತಲಾ ತಿಂಗಳಿಗೆ 5,000, ಹಾಗೆ ಬಂದ ವರ್ಷದ ಮೊತ್ತವನ್ನು ಹದಿನೆಂಟರಿಂದ ಗುಣಿಸಿದ ಲೆಕ್ಕ. ಇಬ್ಬರು ಬೇಕು ಅಂತ ನ್ಯಾಯಮೂರ್ತಿಗಳಿಗೆ ಅರ್ಥವಾಗಿತ್ತು. ನಮ್ಮನೆಯಲ್ಲಿ ಆ ಇಬ್ಬರ ಕೆಲಸವನ್ನೂ ಒಬ್ಬರೇ ಮಾಡುತ್ತಿದ್ದಾರೆ.

ಸುಳ್ಳು ಕ್ಲೇಮುಗಳೂ ಇರುತ್ತವೆ, ಕಂಪನಿಯವರು ಕೇಳಲೇಬೇಕು ಅಂತೀರಿ. ಕೇಳಲಿ. ಆಕ್ಸಿಡೆಂಟ್ ಆಗಿದ್ದು ನಿಜವಾ ಅಂತ ಕೇಳಲಿ, ಡಾಕ್ಟರನ್ನು ಕಟಕಟೆಗೆ ಕರೆಸಲಿ. ತಾಯಿಯ ದುಡಿಮೆಯನ್ನು ಸೊನ್ನೆ ಮಾಡೋಕೂ ಸುಳ್ಳು ಕ್ಲೇಮಿಗೂ ಏನು ಸಂಬಂಧ?

ಒಂದು ಮಾತು ಹೇಳಿಬಿಡ್ತೀನಿ. ಹೋದ ವರ್ಷ ಲೋಕ ಅದಾಲತ್‌ನಲ್ಲಿ ಸಿಕ್ಕಷ್ಟಕ್ಕೆ ರಾಜಿ ಮಾಡಿಕೊಳ್ಳಿ ಅಂದವಳು ನಾನೇ. ಅಲೆದು ಸಾಕಾಗಿತ್ತು. ಅತ್ತಿಗೆ ಆಗ ಕೇಳಿದ್ದು ಇಷ್ಟೇ: "ನಾನು ಹೋದ ಮೇಲೆ ಇವನನ್ನ ಯಾರೇ ಎತ್ತುತ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಹಗಲಿಗೊಬ್ಬರು, ರಾತ್ರಿಗೊಬ್ಬರು ಹೋಂ ನರ್ಸ್ ಇಟ್ಟರೆ ತಿಂಗಳಿಗೆ ಎಷ್ಟಾಗುತ್ತೆ ಅಂತ ಏಜೆನ್ಸಿಯಿಂದ ಬರಹದಲ್ಲಿ ತನ್ನಿ ಅಂದಿದ್ದಾರೆ ನಮ್ಮ ವಕೀಲರು. ಮುಂದಿನ ವಾಯಿದೆಯೊಳಗೆ ಬೇಕು. ಬರೆದುಕೊಡುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ಇನ್‌ಬಾಕ್ಸಿಗೆ ಬನ್ನಿ.