ಅರಳಿ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆಯೇ?

ಮಳೆ ಹಿಡಿಯಿತೆಂದರೆ ಕೊಡಗಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈ ಸಂದೇಶವೂ ಚಿಗುರುತ್ತದೆ: ಅರಳಿ 24 ಗಂಟೆಯೂ ಆಮ್ಲಜನಕ ಬಿಡುತ್ತದಂತೆ. ಗಿಡ ನೆಡಲಿ ಎಂದೇ ಹಂಚುತ್ತಾರೆ, ಉದ್ದೇಶ ಒಳ್ಳೆಯದೇ. ಮಾತು ಮಾತ್ರ ಸರಿಯಲ್ಲ. ಎಲೆ ಆಮ್ಲಜನಕ ಬಿಡುವುದು ಬೆಳಕಿನಲ್ಲಿ, ನೀರಿನ ಅಣು ಒಡೆದಾಗ. ಕತ್ತಲಾದರೆ ಅರಳಿಯೂ ನಮ್ಮಂತೆ ಆಮ್ಲಜನಕವನ್ನೇ ಉಸಿರಾಡುತ್ತದೆ. ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿಡುವ ಅನಾನಸ್ ಕೂಡ ಆಮ್ಲಜನಕ ಬಿಡಲು ಬೆಳಕಿಗೇ ಕಾಯಬೇಕು.

ನೀವೇ ನೋಡಬಹುದು. ಕೆರೆಯ ಹೈಡ್ರಿಲ್ಲಾ ಗಿಡವನ್ನು ಗಾಜಿನ ಲೋಟದ ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಡಿ, ಗುಳ್ಳೆಗಳು ಏಳುತ್ತವೆ. ಕತ್ತಲಿಗೆ ಸರಿಸಿದರೆ ನಿಲ್ಲುತ್ತವೆ. ಮಕ್ಕಳ ವಿಜ್ಞಾನ ಪುಸ್ತಕ ತೆರೆದರೂ ಸಾಕು.

ಅರಳಿ ನೆಡಬೇಡಿ ಎಂದಲ್ಲ. ಅರಳಿ, ಅತ್ತಿ, ಬಸರಿ ಒಂದೇ ಕುಲ. ಕಾಫಿ ತೋಟದ ನೆರಳಿಗೆ ಬರೀ ಸಿಲ್ವರ್ ಓಕ್ ಇಡದೆ ಇವುಗಳಲ್ಲೊಂದನ್ನು ಉಳಿಸಿಕೊಂಡರೆ, ಹಣ್ಣಿನ ಕಾಲಕ್ಕೆ ಮಂಗಟ್ಟೆ ಹಕ್ಕಿ ಬರುವುದುಂಟು.