ಎಲೆಮರೆ ಕಾಯಿಗೆ 40 ಅಡಿ ಫ್ಲೆಕ್ಸ್

ನಮ್ಮೂರ ಸರ್ಕಲ್ಲಿನಲ್ಲಿ ಕಳೆದ ತಿಂಗಳು ಒಂದು ಫ್ಲೆಕ್ಸ್ ಎದ್ದಿತು. ಉದ್ದ 40 ಅಡಿ. ಮಧ್ಯದಲ್ಲಿ ಕೈ ಮುಗಿದ ನಮ್ಮ ಮುಖಂಡರು. ಕೆಳಗೆ 'ಶುಭ ಕೋರುವವರು' ಎಂದು ಪಾಸ್‌ಪೋರ್ಟ್ ಸೈಜಿನ ಮೂವತ್ತು ಮುಖಗಳು. ಮೇಲೆ ದಪ್ಪಕ್ಷರದಲ್ಲಿ, 'ಪ್ರಚಾರ ಬಯಸದ ಎಲೆಮರೆ ಕಾಯಿಗೆ ನಾಗರಿಕ ಸನ್ಮಾನ'. ಕಾಯಿ ಬಸ್‌ಸ್ಟ್ಯಾಂಡಿನಿಂದಲೇ ಕಾಣುತ್ತಿತ್ತು. ಎಲೆ ಮಾತ್ರ ಇರಲಿಲ್ಲ. ಫ್ಲೆಕ್ಸಿಗೆ ಅಡ್ಡ ಬರುತ್ತದೆಂದು ಪಕ್ಕದ ಹೊಂಗೆ ಮರದ ಕೊಂಬೆಗಳನ್ನು ಕಡಿಸಿದ್ದರು. ಅಂದಹಾಗೆ, ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾಗಿದ್ದು 2016ರಲ್ಲಿ.

ಅಭಿನಂದನಾ ಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಬರೆದು ಕಳಿಸಿದೆ. ರಾತ್ರಿ ಹತ್ತಕ್ಕೆ ಸನ್ಮಾನಿತರದೇ ಫೋನ್. "ಮೇಷ್ಟ್ರೇ, ನಂಗೆ ಹೊಗಳಿಕೆ ಅಂದ್ರೆ ಆಗಲ್ಲ, ನಿಮಗೇ ಗೊತ್ತಲ್ವಾ. ಆದ್ರೆ 'ಸರಳ' ಅನ್ನೋದು ಒಂದೇ ಸಲ ಬಂದಿದೆ. ಇನ್ನೆರಡು ಕಡೆ ಹಾಕಿ. 'ನಿಗರ್ವಿ' ಅಂತೂ ಬಿಟ್ಟೇ ಹೋಗಿದೆ." ಹಾಕಿದೆ.

ಸಮಾರಂಭದ ದಿನ ಕ್ರೇನಿನಲ್ಲಿ ಸೇಬಿನ ಹಾರ ಬಂತು. ಅದು ಕತ್ತಿಗೆ ಹಾಕುವಂಥದ್ದಲ್ಲ. ಹಾಕಿದರೆ ಪೊಲೀಸ್ ಕೇಸಾಗುತ್ತದೆ. ತಲೆಯ ಮೇಲೆ ತೂಗಿಸಿ ಫೋಟೊ ತೆಗೆದರು. ಕೆಳಗಿಳಿಸುವಷ್ಟರಲ್ಲಿ ಜನ ಮುಗಿಬಿದ್ದು, ಉಳಿದದ್ದು ಹಗ್ಗ. ಆಮೇಲೆ ಮೈಸೂರು ಪೇಟ, ಶಾಲು, ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ. ಇಡೀ ದಿನದಲ್ಲಿ ಅವರು ತಲೆ ಬಗ್ಗಿಸಿದ್ದು ಪೇಟ ತೊಡಿಸುವಾಗ ಮಾತ್ರ. ಅದೂ ಫೋಟೊಗ್ರಾಫರ್ "ಸ್ವಲ್ಪ ಬಗ್ಗಿ ಸಾರ್" ಅಂದದ್ದಕ್ಕೆ.

"ನಾನು ಏನೂ ಅಲ್ಲ" ಎಂಬುದನ್ನು ಐವತ್ತು ನಿಮಿಷ ವಿವರಿಸಿದರು. ಹಿಂದೆ ಸಾರು ತಣ್ಣಗಾಗುತ್ತಿತ್ತು. ನಡುವೆ ಹರೇಕಳ ಹಾಜಬ್ಬರನ್ನೂ ಎಳೆದು ತಂದರು. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರಿ, ಉಳಿಸಿದ ದುಡ್ಡಿನಲ್ಲಿ ಊರಿಗೆ ಶಾಲೆ ತಂದವರು ಹಾಜಬ್ಬ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯಲು ಬರಿಗಾಲಲ್ಲೇ ನಡೆದು ಹೋದರು. "ಅವರ ಹಾಗೆ ನಾನೂ" ಎನ್ನುತ್ತಾ ನಮ್ಮವರು ವೇದಿಕೆಯ ಮೇಲೇ ಶೂ ಬಿಚ್ಚಿದರು. ಬಿಚ್ಚಿದ್ದನ್ನು ಹಿಡಿದುಕೊಂಡು ನಿಲ್ಲಲು ಒಬ್ಬ ಹುಡುಗನಿದ್ದ. "ಪಾದ ಫೋಟೊದಲ್ಲಿ ಬಂತೇನೋ?" ಎಂದು ಅವನನ್ನೇ ಕೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಕೊನೆಗೆ 'ಅಭಿಮಾನಿ ದೇವರುಗಳೇ' ಅಂದರು. ಡಾ. ರಾಜ್‌ಕುಮಾರ್ ಅವರ ಮಾತು ಅದು. ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ನಿಂತು ಅಣ್ಣಾವ್ರು ಅಂದಾಗ ನಾವು ಸುಮ್ನೆ ನಂಬಿಬಿಡುತ್ತಿದ್ದೆವು. ಇಲ್ಲಿ ಸೆಲ್ಫಿಗೆ ಬಂದ ದೇವರುಗಳನ್ನು ಇಬ್ಬರು ಬೌನ್ಸರ್‌ಗಳು ಕೆಳಕ್ಕೆ ತಳ್ಳುತ್ತಿದ್ದರು.

ಮೊನ್ನೆಯ ಗಾಳಿಮಳೆಗೆ ಫ್ಲೆಕ್ಸ್ ಹರಿದು ಬಿತ್ತು. ಸರ್ಕಲ್ಲಿನ ಎಳನೀರಿನವನು ಒಂದು ತುಂಡು ಎತ್ತಿಕೊಂಡು ತನ್ನ ರಾಶಿಗೆ ಹೊದಿಸಿದ್ದಾನೆ. ಮುಗಿದ ಕೈಗಳು ಮಾತ್ರ ಕಾಣುತ್ತವೆ.

"ಎಳನೀರು ಖಾಲಿಯೇನಪ್ಪಾ?" ಎಂದೆ.

"ಇಲ್ಲ ಸಾರ್, ಕಾಯಿ ಎಲ್ಲಾ ಸಾಹೇಬ್ರ ಅಡೀಲೇ ಐತೆ" ಎಂದು ಮೂಲೆ ಎತ್ತಿ ತೋರಿಸಿದ.